ಮಗುವಿನ ಕಸ್ಟಡಿ ಆದೇಶ ಒಮ್ಮೆ ಬಂದರೆ ಬದಲಾಗುವುದೇ ಇಲ್ಲವೇ? ಫಾರ್ವರ್ಡ್‌ಗಳು ಹೇಳದ ಸಂಗತಿಗಳು

ವಿಚ್ಛೇದನ ಮತ್ತು ಮಕ್ಕಳ ಪಾಲನೆಯ ಬಗ್ಗೆ 'ಎಲ್ಲರಿಗೂ ತಿಳಿಸಿ' ಎಂಬ ಒಕ್ಕಣೆಯ ಸಂದೇಶಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಅವುಗಳಲ್ಲಿ ಪದೇ ಪದೇ ಕಾಣುವ ಮಾತುಗಳು ಇವು:

- ಕೋರ್ಟ್ ಒಮ್ಮೆ ಕಸ್ಟಡಿ ಕೊಟ್ಟರೆ ಅದೇ ಅಂತಿಮ.
- ಒಪ್ಪಿಗೆಯ ವಿಚ್ಛೇದನದಲ್ಲಿ ಸಹಿ ಹಾಕಿದ ಮೇಲೆ ಮಗುವಿನ ವಿಷಯದಲ್ಲಿ ಮತ್ತೆ ಬಾಯಿ ಬಿಡುವಂತಿಲ್ಲ.
- 5 ವರ್ಷ ತುಂಬಿದ ಕೂಡಲೇ ಮಗು ತಂದೆಯ ಪಾಲು.
- ತಾಯಿ ಮರುಮದುವೆಯಾದರೆ ಮಗು ಕೈತಪ್ಪುತ್ತದೆ.
- ಜೀವನಾಂಶ ಕೊಡದ ತಂದೆಗೆ ಮಗುವನ್ನು ತೋರಿಸಬೇಕಿಲ್ಲ.

ಇವುಗಳಲ್ಲಿ ಒಂದೂ ಸರಿಯಲ್ಲ. ಆದರೂ ಇವನ್ನು ನಂಬಿ ಎಷ್ಟೋ ಜನ ಎರಡು ಬಗೆಯ ತಪ್ಪು ಮಾಡುತ್ತಾರೆ. ಕೆಲವರು ಮಗುವಿಗೆ ಒಗ್ಗದ ಹಳೆಯ ಏರ್ಪಾಟನ್ನು ವರ್ಷಗಟ್ಟಲೆ ಸಹಿಸಿಕೊಂಡು ಕೂರುತ್ತಾರೆ. ಇನ್ನು ಕೆಲವರು ಕೋರ್ಟಿಗೆ ಹೋಗದೆ ಆದೇಶವನ್ನು ತಾವೇ ಮುರಿದು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಚುಟುಕಾಗಿ ಉತ್ತರ

ಮಗುವಿನ ಕಸ್ಟಡಿ ಮತ್ತು ಭೇಟಿಯ ಆದೇಶಗಳನ್ನು ಬದಲಾಯಿಸಬಹುದು. ಪರಿಸ್ಥಿತಿ ಬದಲಾಗಿದೆ ಮತ್ತು ಹೊಸ ಏರ್ಪಾಟಿನಿಂದ ಮಗುವಿಗೆ ಒಳ್ಳೆಯದಾಗುತ್ತದೆ ಎಂಬ ಎರಡು ವಿಷಯಗಳನ್ನು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡಬೇಕು. ನ್ಯಾಯಾಲಯ ಬದಲಾಯಿಸುವವರೆಗೆ ಮಾತ್ರ ಹಳೆಯ ಆದೇಶವೇ ಇಬ್ಬರನ್ನೂ ಕಟ್ಟಿಹಾಕುತ್ತದೆ.

ಕಾನೂನು ಏನು ಹೇಳುತ್ತದೆ?

1973ರಲ್ಲಿ ರೋಸಿ ಜೇಕಬ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಮಕ್ಕಳ ಕಸ್ಟಡಿಯ ಆದೇಶಗಳು ಆ ಹೊತ್ತಿನ ಪರಿಸ್ಥಿತಿಯನ್ನು ನೋಡಿ ಕೊಟ್ಟವು, ಆದ್ದರಿಂದ ಸ್ವಭಾವತಃ ತಾತ್ಕಾಲಿಕ. ಕಾಲ ಸರಿದು ಸನ್ನಿವೇಶ ಬದಲಾದರೆ, ಮಗುವಿನ ಹಿತಕ್ಕಾಗಿ ಅವನ್ನು ಮಾರ್ಪಡಿಸಬಹುದು. ಇಬ್ಬರ ಒಪ್ಪಿಗೆಯಿಂದ ಬಂದ ಆದೇಶಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಆಸ್ತಿ ವ್ಯಾಜ್ಯಕ್ಕೆ ಹೋಲಿಸಿದರೆ ಇದರ ಕಾರಣ ಬೇಗ ಅರ್ಥವಾಗುತ್ತದೆ. ತೋಟದ ಗಡಿ ಎಲ್ಲಿದೆ ಎಂದು ಕೋರ್ಟ್ ಒಮ್ಮೆ ತೀರ್ಮಾನಿಸಿದರೆ ಹತ್ತು ವರ್ಷದ ಬಳಿಕವೂ ಗಡಿ ಅಲ್ಲೇ ಇರುತ್ತದೆ. ಮಗು ಹಾಗಲ್ಲ. 3 ವರ್ಷದ ಮಗುವಿಗೆ ಸರಿಹೊಂದಿದ ವೇಳಾಪಟ್ಟಿ 10 ವರ್ಷದ ಮಗುವಿಗೆ ಹೊಂದುವುದಿಲ್ಲ.

ಹಿಂದೂ ವಿವಾಹ ಕಾಯ್ದೆ, 1955ರ ಸೆಕ್ಷನ್ 26ರಲ್ಲಿ ಈ ಅಧಿಕಾರ ನೇರವಾಗಿಯೇ ಇದೆ. ವಿಚ್ಛೇದನದ ಡಿಕ್ರಿ ಆದ ನಂತರವೂ ಮಕ್ಕಳ ಕಸ್ಟಡಿ, ಖರ್ಚುವೆಚ್ಚ ಮತ್ತು ವಿದ್ಯಾಭ್ಯಾಸದ ಬಗ್ಗೆ ಅರ್ಜಿ ಹಾಕಬಹುದು. ನ್ಯಾಯಾಲಯ ಹಿಂದಿನ ಆದೇಶವನ್ನು ರದ್ದು ಮಾಡಬಹುದು, ತಡೆಹಿಡಿಯಬಹುದು ಅಥವಾ ಬದಲಾಯಿಸಬಹುದು. ವಿಶೇಷ ವಿವಾಹ ಕಾಯ್ದೆ, 1954ರ ಸೆಕ್ಷನ್ 38ರಲ್ಲೂ ಇಂಥದ್ದೇ ಅವಕಾಶವಿದೆ. ಇವೆರಡರ ಆಚೆಗೆ, ಎಲ್ಲ ಧರ್ಮದವರಿಗೂ ತೆರೆದಿರುವ ಇನ್ನೊಂದು ದಾರಿ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ, 1890.

ಸಂಪಾಜೆಯಿಂದ ಒಂದು ಉದಾಹರಣೆ

ಹೀಗೊಂದು ಕುಟುಂಬವನ್ನು ಊಹಿಸಿಕೊಳ್ಳಿ. ವಿಚ್ಛೇದನದ ನಂತರ ತಾಯಿ ಕೊಡಗಿನ ಸಂಪಾಜೆಯ ತವರುಮನೆಯಲ್ಲಿದ್ದಾರೆ. ತಂದೆ ಮೈಸೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಮಗಳಿಗೆ 4 ವರ್ಷವಿದ್ದಾಗ ಮಡಿಕೇರಿಯ ನ್ಯಾಯಾಲಯ ಒಂದು ಏರ್ಪಾಟು ಮಾಡಿತ್ತು. ಮಗು ತಾಯಿಯ ಬಳಿ ಇರಬೇಕು. ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಮಡಿಕೇರಿಯಲ್ಲಿ ತಂದೆ ಮಗುವನ್ನು ಭೇಟಿ ಮಾಡಬಹುದು. ಮಗುವನ್ನು ಕರೆತರುವ ಹೊಣೆ ತಾಯಿಯದು.

ಈಗ ಮಗಳಿಗೆ 10 ವರ್ಷ. ಶನಿವಾರ ಅರ್ಧ ದಿನ ಶಾಲೆ ಇದೆ, ತಿಂಗಳಿಗೆ ಎರಡು ಶನಿವಾರ ಹಾಜರಾತಿ ತಪ್ಪುತ್ತದೆ. ಘಟ್ಟದ ತಿರುವುಗಳಲ್ಲಿ ಆಕೆಗೆ ವಾಂತಿಯಾಗುತ್ತದೆ. ಮಳೆಗಾಲದಲ್ಲಂತೂ ಆ ರಸ್ತೆಯನ್ನು ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಸುತ್ತಮುತ್ತ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಸಂಪರ್ಕವೇ ಕಡಿದುಹೋಗಿದ್ದನ್ನು ಊರಿನವರು ಮರೆತಿಲ್ಲ.

ತಂದೆಯ ಕಡೆಯಿಂದ ನೋಡಿದರೆ ಅವರಿಗೂ ನ್ಯಾಯವಾದ ಕಾರಣವಿದೆ. 4 ವರ್ಷದ ಮಗುವನ್ನು ರಾತ್ರಿ ಬಿಟ್ಟಿರುವುದು ಕಷ್ಟ ಎಂದು ಅಂದು ಹಗಲಿನ ಭೇಟಿಯಷ್ಟೇ ಸಿಕ್ಕಿತ್ತು. ಈಗ ಮಗಳು ದಸರಾ ರಜೆಯಲ್ಲಿ ಅಪ್ಪ, ಅಜ್ಜ, ಅಜ್ಜಿಯ ಜೊತೆ ನಾಲ್ಕು ದಿನ ಇದ್ದು ಬರುವಷ್ಟು ದೊಡ್ಡವಳಾಗಿದ್ದಾಳೆ.

ಇಲ್ಲಿ ತಾಯಿಯೂ ಕೆಟ್ಟವರಲ್ಲ, ತಂದೆಯೂ ಕೆಟ್ಟವರಲ್ಲ, ಹಳೆಯ ಆದೇಶವೂ ತಪ್ಪಾಗಿರಲಿಲ್ಲ. ಮಗು ಬೆಳೆದಿದೆ, ಅಷ್ಟೇ. ಇಂಥ ಸಂದರ್ಭದಲ್ಲಿ ಯಾರು ಬೇಕಾದರೂ ಮಾರ್ಪಾಡು ಕೇಳಬಹುದು. ಶನಿವಾರದ ಬದಲು ಭಾನುವಾರ ಮಾಡಿ, ಮಗುವನ್ನು ಘಟ್ಟ ಹತ್ತಿಸುವ ಬದಲು ತಂದೆಯೇ ಇಳಿದು ಸಂಪಾಜೆಗೋ ಸುಳ್ಯಕ್ಕೋ ಬರಲಿ, ರಸ್ತೆ ಬಂದ್ ಆದ ದಿನ ವಿಡಿಯೊ ಕರೆ ಇರಲಿ, ತಪ್ಪಿದ ಭೇಟಿಯನ್ನು ಮುಂದಿನ ವಾರ ತುಂಬಿಕೊಡಲಿ, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಒಂದು ಪಾಲು ತಂದೆಯ ಮನೆಯಲ್ಲಿ ಕಳೆಯಲಿ, ಹೀಗೆ.

ಫೋನ್ ಮತ್ತು ವಿಡಿಯೊ ಕರೆಯನ್ನು ನ್ಯಾಯಾಲಯಗಳೂ ಗುರುತಿಸಿವೆ. ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯೂ ಬೇಕು, ನೇರ ಭೇಟಿ ಕಷ್ಟವಾದಾಗ ಫೋನ್ ಅಥವಾ ವಿಡಿಯೊ ಮೂಲಕವಾದರೂ ಸಂಪರ್ಕ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಒಂದು ತೀರ್ಪಿನಲ್ಲಿ ಹೇಳಿದೆ. ಇದಕ್ಕೂ ಮೊದಲು, 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಎಂದು ವರ್ಷವನ್ನೇ ಹಂಚಿತ್ತು. ಮಗು ಒಬ್ಬರ ಬಳಿ ಇರುವಾಗ ಇನ್ನೊಬ್ಬರಿಗೆ ವಾರಾಂತ್ಯದ ಭೇಟಿ ಮತ್ತು ವಿಡಿಯೊ ಕರೆಗೂ ಅವಕಾಶ ಕೊಟ್ಟಿತ್ತು. ಎಲ್ಲರಿಗೂ ಇದೇ ಸೂತ್ರ ಎಂದಲ್ಲ. ಮಗುವಿಗೆ ತಕ್ಕಂತೆ ಏರ್ಪಾಟು ಹೊಲಿಯಬಹುದು ಎಂಬುದಕ್ಕೆ ಇದು ಸಾಕ್ಷಿ.

ಫಾರ್ವರ್ಡ್ 1: '5 ವರ್ಷ ತುಂಬಿದರೆ ಮಗು ತಂದೆಗೆ'

ಇದು ಅರ್ಧ ಓದಿದ ಕಾನೂನು. 5 ವರ್ಷ ತುಂಬದ ಮಗುವಿನ ಕಸ್ಟಡಿ ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ, 1956ರ ಸೆಕ್ಷನ್ 6 ಹೇಳುತ್ತದೆ. 5 ತುಂಬಿದ ಮರುದಿನ ಮಗುವನ್ನು ತಂದೆಗೆ ಒಪ್ಪಿಸಬೇಕು ಎಂದು ಎಲ್ಲೂ ಬರೆದಿಲ್ಲ. ಅದೇ ಕಾಯ್ದೆಯ ಸೆಕ್ಷನ್ 13ರ ಪ್ರಕಾರ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮುಖ್ಯ.

ಇದೇ ಸೆಕ್ಷನ್ 6ರಲ್ಲಿ ಸಹಜ ಪೋಷಕರು 'ತಂದೆ, ಅವರ ನಂತರ ತಾಯಿ' ಎಂದೂ ಇದೆ. ಹಾಗೆಂದರೆ ತಂದೆ ಸತ್ತ ಮೇಲಷ್ಟೇ ತಾಯಿ ಎಂಬ ಅರ್ಥವಲ್ಲ. ಮಗುವಿನ ಹೊಣೆಯನ್ನು ತಂದೆ ಹೊರದಿದ್ದಾಗಲೂ ತಾಯಿ ಸಹಜ ಪೋಷಕಿಯಾಗಬಹುದು ಎಂದು ಲೇಖಕಿ ಗೀತಾ ಹರಿಹರನ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು.

ಫಾರ್ವರ್ಡ್ 2: 'ಇಂತಿಷ್ಟು ವರ್ಷವಾದರೆ ಮಗುವೇ ತೀರ್ಮಾನಿಸುತ್ತದೆ'

ಒಂದು ಸಂದೇಶದಲ್ಲಿ 9 ವರ್ಷ ಎಂದಿರುತ್ತದೆ, ಇನ್ನೊಂದರಲ್ಲಿ 12. 1890ರ ಕಾಯ್ದೆಯ ಸೆಕ್ಷನ್ 17ರಲ್ಲಿ ಯಾವ ಅಂಕಿಯೂ ಇಲ್ಲ. ಯೋಚಿಸಿ ಹೇಳುವಷ್ಟು ಮಗು ಬೆಳೆದಿದ್ದರೆ ಅದರ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದು ಎಂದಷ್ಟೇ ಇದೆ. ನ್ಯಾಯಾಧೀಶರು ಸಾಮಾನ್ಯವಾಗಿ ಮಗುವನ್ನು ತಮ್ಮ ಕೊಠಡಿಗೆ ಕರೆದು, ತಂದೆ ತಾಯಿ ಇಲ್ಲದೆ ಮಾತನಾಡಿಸುತ್ತಾರೆ. ಮಗು ಹೇಳಿದ್ದಕ್ಕೆ ತೂಕ ಇರುತ್ತದೆ, ಆದರೆ ಅದೊಂದೇ ಅಂತಿಮವಲ್ಲ. ಹೇಳಿಕೊಟ್ಟ ಮಾತು ಯಾವುದು, ಮನಸ್ಸಿನ ಮಾತು ಯಾವುದು ಎಂಬುದನ್ನೂ ನ್ಯಾಯಾಧೀಶರು ಗಮನಿಸುತ್ತಾರೆ. 'ಅಲ್ಲಿ ಹೀಗೆ ಹೇಳು' ಎಂದು ಮಗುವಿಗೆ ಪಾಠ ಮಾಡುವುದರಿಂದ ಹೇಳಿಸಿದವರ ಕೇಸೇ ದುರ್ಬಲವಾಗಬಹುದು, ಮಗುವಿನ ಮನಸ್ಸಿಗೂ ಅದು ಭಾರ.

ಫಾರ್ವರ್ಡ್ 3: 'ಮರುಮದುವೆಯಾದರೆ ಮಗು ಹೋಯಿತು'

ತಾಯಿಯಾಗಲಿ ತಂದೆಯಾಗಲಿ ಮರುಮದುವೆಯಾದರೆ ಅದೊಂದೇ ಕಾರಣಕ್ಕೆ ಕಸ್ಟಡಿ ತಪ್ಪುವುದಿಲ್ಲ. ಹೊಸ ಮನೆಯಲ್ಲಿ ಮಗು ಹೇಗಿದೆ, ಶಾಲೆ ಮುಂದುವರಿದಿದೆಯೇ, ಅದಕ್ಕೆ ಅಲ್ಲಿ ಭದ್ರತೆ ಇದೆಯೇ ಎಂಬುದು ಪ್ರಶ್ನೆ. ಸಂಬಳದ ವಿಷಯವೂ ಅಷ್ಟೇ. ಹೆಚ್ಚು ದುಡಿಯುವವರಿಗೇ ಮಗು ಎಂಬ ನಿಯಮವಿಲ್ಲ. ಕಡಿಮೆ ಆದಾಯದವರ ಬಳಿ ಮಗು ಚೆನ್ನಾಗಿದ್ದರೆ ಇನ್ನೊಬ್ಬರು ಖರ್ಚು ಕೊಡುವಂತೆ ನ್ಯಾಯಾಲಯ ಹೇಳಬಹುದು.

ಫಾರ್ವರ್ಡ್ 4: 'ಜೀವನಾಂಶ ಇಲ್ಲ ಎಂದರೆ ಭೇಟಿಯೂ ಇಲ್ಲ'

ತುಂಬ ಹಾನಿ ಮಾಡುವ ಮಾತು ಇದು. ಜೀವನಾಂಶವೂ ಭೇಟಿಯೂ ಬೇರೆ ಬೇರೆ. ದುಡ್ಡು ಬಾರದಿದ್ದರೆ ಅದರ ವಸೂಲಿಗೆ ಅರ್ಜಿ ಹಾಕಬೇಕು. ಭೇಟಿ ತಪ್ಪಿಸಿದರೆ ಆ ಆದೇಶದ ಜಾರಿಗೆ ಅರ್ಜಿ ಹಾಕಬೇಕು. 'ಮಗಳನ್ನು ತೋರಿಸಲಿಲ್ಲ, ಹಾಗಾಗಿ ಹಣ ಕೊಡಲಿಲ್ಲ' ಎಂಬ ತಂದೆಯ ವಾದವೂ, 'ಹಣ ಕೊಡಲಿಲ್ಲ, ಹಾಗಾಗಿ ತೋರಿಸಲಿಲ್ಲ' ಎಂಬ ತಾಯಿಯ ವಾದವೂ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಎರಡರಲ್ಲೂ ನಷ್ಟ ಮಗುವಿಗೆ.

ಜೀವನಾಂಶದ ಮೊತ್ತವನ್ನೂ ಬದಲಾಯಿಸಿಕೊಳ್ಳಬಹುದು. ಹಿಂದೆ ಸಿಆರ್‌ಪಿಸಿ 125 ಮತ್ತು 127 ಎಂದು ಹೇಳುತ್ತಿದ್ದ ಸೆಕ್ಷನ್‌ಗಳು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಮತ್ತು 146 ಆಗಿವೆ. ಹಳೆಯ ಸಂಖ್ಯೆ ಇರುವ ಫಾರ್ವರ್ಡ್ ನೋಡಿ ಗೊಂದಲಕ್ಕೆ ಬೀಳಬೇಡಿ.

ಫಾರ್ವರ್ಡ್ 5: 'ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಕು'

ಇಬ್ಬರೂ ಕೂತು ಮಾತನಾಡಿ ಹೊಸ ವೇಳಾಪಟ್ಟಿಗೆ ಒಪ್ಪುವುದು ಒಳ್ಳೆಯದೇ. ಊರಿನ ಹಿರಿಯರೋ, ಜಮಾತ್‌ನವರೋ, ಚರ್ಚ್‌ನ ಗುರುಗಳೋ ಮಧ್ಯಸ್ಥಿಕೆ ಮಾಡಿದರೂ ತಪ್ಪಿಲ್ಲ. ಆದರೆ ಛಾಪಾ ಕಾಗದವಾಗಲಿ, ಠಾಣೆಯಲ್ಲಿ ಬರೆಸಿದ ಮುಚ್ಚಳಿಕೆಯಾಗಲಿ ನ್ಯಾಯಾಲಯದ ಆದೇಶವನ್ನು ಬದಲಾಯಿಸುವುದಿಲ್ಲ. ನಾಳೆ ಒಬ್ಬರು ಮಾತಿಗೆ ತಪ್ಪಿದರೆ ಜಾರಿಯಲ್ಲಿರುವುದು ಹಳೆಯ ಆದೇಶವೇ. ಆದ್ದರಿಂದ ಒಪ್ಪಂದವಾದರೆ ಇಬ್ಬರೂ ಸೇರಿ ಜಂಟಿ ಮೆಮೊ ಸಲ್ಲಿಸಿ, ಅದನ್ನು ನ್ಯಾಯಾಲಯದ ಆದೇಶವಾಗಿಸಿಕೊಳ್ಳಿ. ಮಾರ್ಪಾಡು ಪಡೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಮೇಲ್ಮನವಿಯೇ ಬೇರೆ, ಮಾರ್ಪಾಡೇ ಬೇರೆ

ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಆದೇಶ ಕೊಟ್ಟಾಗಲೇ ತಪ್ಪಾಗಿತ್ತು ಎನ್ನುವುದಾದರೆ ಮೇಲ್ಮನವಿ. ಕುಟುಂಬ ನ್ಯಾಯಾಲಯದ ಆದೇಶದ ವಿರುದ್ಧ 30 ದಿನಗಳೊಳಗೆ ಹೈಕೋರ್ಟ್‌ಗೆ ಹೋಗಬೇಕು. ಒಪ್ಪಿಗೆಯಿಂದಾದ ಆದೇಶದ ವಿರುದ್ಧ ಈ ಮೇಲ್ಮನವಿ ಇಲ್ಲ. ಆದೇಶ ಅಂದಿಗೆ ಸರಿಯಾಗಿತ್ತು, ಇಂದು ಹೊಂದುತ್ತಿಲ್ಲ ಎನ್ನುವುದಾದರೆ ಮಾರ್ಪಾಡಿನ ಅರ್ಜಿ. ಅದಕ್ಕೆ 30 ದಿನಗಳ ಗಡುವಿಲ್ಲ. ಒಪ್ಪಿಗೆಯ ಆದೇಶಕ್ಕೂ ಇದು ಅನ್ವಯ.

ಏನಾದರೆ 'ಪರಿಸ್ಥಿತಿ ಬದಲಾಗಿದೆ' ಎನ್ನಬಹುದು?

- ಮಗುವಿನ ವಯಸ್ಸು, ಶಾಲೆ, ಆರೋಗ್ಯದ ಅಗತ್ಯಗಳಲ್ಲಿ ಆದ ಬದಲಾವಣೆ
- ತಂದೆ ಅಥವಾ ತಾಯಿಗೆ ವರ್ಗಾವಣೆ, ಊರು ಬದಲು, ವಿದೇಶದ ಕೆಲಸ
- ಮಗುವನ್ನು ನೋಡಿಕೊಳ್ಳುತ್ತಿದ್ದವರ ಗಂಭೀರ ಕಾಯಿಲೆ ಅಥವಾ ಸಾವು
- ಭೇಟಿಯನ್ನು ಪದೇ ಪದೇ ತಪ್ಪಿಸುವುದು, ಅಥವಾ ಭೇಟಿಗೆ ಬಾರದೇ ಇರುವುದು
- ಕುಡಿತ, ಹಿಂಸೆ, ನಿರ್ಲಕ್ಷ್ಯ

ವಿದೇಶದ ವಿಷಯಕ್ಕೆ 2010ರ ಒಂದು ತೀರ್ಪು ಉಪಯುಕ್ತ. ಒಪ್ಪಿಗೆಯ ವಿಚ್ಛೇದನವಾದ ಮೇಲೆ ತಾಯಿಗೆ ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಿತ್ತು. ಮಗನನ್ನು ಕರೆದೊಯ್ಯಲು ಅನುಮತಿ ಕೇಳಿದರು, ತಂದೆ ವಿರೋಧಿಸಿದರು. ಸುಪ್ರೀಂ ಕೋರ್ಟ್ ಅನುಮತಿಯನ್ನು ಎತ್ತಿಹಿಡಿಯಿತು, ಜೊತೆಗೆ ತಂದೆಯ ಭೇಟಿಗೂ ಅವಕಾಶ ಉಳಿಸಿತು. ತಾಯಿ ಮೊದಲು ಹೋಗಿಬಿಟ್ಟು ಆಮೇಲೆ ಹೇಳಲಿಲ್ಲ, ಮೊದಲೇ ನ್ಯಾಯಾಲಯದ ಮುಂದೆ ಬಂದರು ಎಂಬುದನ್ನು ಗಮನಿಸಿ.

ಅರ್ಜಿ ಎಲ್ಲಿ ಹಾಕಬೇಕು?

ವಿಚ್ಛೇದನದ ಡಿಕ್ರಿಯ ಭಾಗವಾಗಿ ಕಸ್ಟಡಿ ಆದೇಶ ಬಂದಿದ್ದರೆ ಸಾಮಾನ್ಯವಾಗಿ ಅದೇ ನ್ಯಾಯಾಲಯಕ್ಕೆ ಹೋಗಬೇಕು. 1890ರ ಕಾಯ್ದೆಯಡಿ ಹೋಗುವುದಾದರೆ, ಮಗು ಸಾಮಾನ್ಯವಾಗಿ ವಾಸವಾಗಿರುವ ಜಾಗದ ನ್ಯಾಯಾಲಯ. ಕುಟುಂಬ ನ್ಯಾಯಾಲಯ ಇಲ್ಲದ ಕಡೆ ಆ ಕೆಲಸ ಜಿಲ್ಲಾ ನ್ಯಾಯಾಲಯದ್ದು.

ಸಂಪಾಜೆಯಂಥ ಊರಿನಲ್ಲಿ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಸಂಪಾಜೆ ಎಂಬ ಹೆಸರು ಗಡಿಯ ಎರಡೂ ಬದಿಗಿದೆ. ಒಂದು ಕೊಡಗಿನ ಮಡಿಕೇರಿ ತಾಲೂಕಿಗೆ, ಇನ್ನೊಂದು ದಕ್ಷಿಣ ಕನ್ನಡದ ಸುಳ್ಯ ತಾಲೂಕಿಗೆ ಸೇರಿದೆ. ತಾಯಿ ಮಗುವಿನೊಂದಿಗೆ ಈ ಬದಿಯಿಂದ ಕಲ್ಲುಗುಂಡಿಗೆ ಮನೆ ಬದಲಾಯಿಸಿದರೂ ಜಿಲ್ಲೆ ಬದಲಾಗುತ್ತದೆ. ಆದರೆ ಕೇಸಿಗೆ ಸ್ವಲ್ಪ ಮೊದಲು ಮಗುವನ್ನು ಗಡಿ ದಾಟಿಸಿದ ಮಾತ್ರಕ್ಕೆ 'ಸಾಮಾನ್ಯ ವಾಸ' ಬದಲಾಗುವುದಿಲ್ಲ. ಮಗು ನಿಜವಾಗಿ ಎಲ್ಲಿ ಬೇರೂರಿದೆ, ಯಾವ ಶಾಲೆಗೆ ಹೋಗುತ್ತಿದೆ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ನ್ಯಾಯಾಲಯ ನೇಮಿಸಿದ ಪೋಷಕರಾಗಿದ್ದರೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಕರೆದೊಯ್ಯಲು ಅನುಮತಿ ಬೇಕು ಎಂದು 1890ರ ಕಾಯ್ದೆಯ ಸೆಕ್ಷನ್ 26 ಹೇಳುತ್ತದೆ. ಆದ್ದರಿಂದ ಊರು ಬಿಡುವ ಮೊದಲು ನಿಮ್ಮ ಆದೇಶದ ಪ್ರತಿಯನ್ನು ಸರಿಯಾಗಿ ಓದಿಸಿ.

ಅರ್ಜಿ ಹೇಗೆ ಸಾಗುತ್ತದೆ?

1. ಹಳೆಯ ಆದೇಶದ ದೃಢೀಕೃತ ಪ್ರತಿ, ಅರ್ಜಿ ಮತ್ತು ಪ್ರಮಾಣಪತ್ರ ಸಲ್ಲಿಸುವುದು. ಏನು ಬದಲಾಗಿದೆ, ಏನು ಬೇಕು ಎಂಬುದು ಸ್ಪಷ್ಟವಾಗಿರಲಿ.
2. ಇನ್ನೊಬ್ಬರಿಗೆ ನೋಟಿಸ್, ಅವರ ಆಕ್ಷೇಪಣೆ.
3. ಆಪ್ತಸಮಾಲೋಚನೆ ಅಥವಾ ಮಧ್ಯಸ್ಥಿಕೆ. ರಾಜಿಗೆ ಪ್ರಯತ್ನಿಸುವುದು ಕುಟುಂಬ ನ್ಯಾಯಾಲಯದ ಕರ್ತವ್ಯವೇ ಆಗಿದೆ.
4. ತುರ್ತಿದ್ದರೆ ಮಧ್ಯಂತರ ಆದೇಶ. ಬೇಸಿಗೆ ರಜೆ ಹತ್ತಿರ ಬಂದಿದೆ ಎಂಬಂಥ ಕಾರಣಕ್ಕೂ ಕೇಳಬಹುದು.
5. ಸಾಕ್ಷ್ಯ, ಮಗುವಿನೊಂದಿಗೆ ಮಾತುಕತೆ, ಆದೇಶ.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಾಗಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಕಡಿಮೆ ಆದಾಯದ ಗಂಡಸರಿಗೂ ಇದು ಸಿಗುತ್ತದೆ. ಕೊಡಗಿನವರು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ರಾಷ್ಟ್ರೀಯ ಸಹಾಯವಾಣಿ 15100.

ಫೋನ್‌ನಲ್ಲಿ ಏನು ಉಳಿಸಿಕೊಳ್ಳಬೇಕು?

- ಪ್ರತಿ ಭೇಟಿಯ ದಿನಾಂಕ, ಸಮಯ, ಬಂದವರು, ಬಾರದವರು. ಒಂದು ನೋಟ್‌ಬುಕ್ ಸಾಕು.
- ಶಾಲೆಯ ಹಾಜರಾತಿ, ಅಂಕಪಟ್ಟಿ, ವೈದ್ಯರ ಚೀಟಿ, ಶುಲ್ಕದ ರಸೀದಿ.
- ಚಾಟ್‌ನ ಪೂರ್ತಿ ಸಂಭಾಷಣೆ. ಕತ್ತರಿಸಿದ ಸ್ಕ್ರೀನ್‌ಶಾಟ್ ಅನುಮಾನ ಹುಟ್ಟಿಸುತ್ತದೆ. ಮೂಲ ಸಂದೇಶವಿರುವ ಫೋನನ್ನು ರೀಸೆಟ್ ಮಾಡಬೇಡಿ.
- ರಸ್ತೆ ಬಂದ್ ಅಥವಾ ಶಾಲಾ ರಜೆಯ ಜಿಲ್ಲಾಡಳಿತದ ಆದೇಶ, ಅದರಿಂದ ಭೇಟಿ ತಪ್ಪಿದ್ದರೆ.

ಭೇಟಿ ತಪ್ಪುವ ಸಂದರ್ಭ ಬಂದರೆ ಮೊದಲೇ ಸಂದೇಶ ಕಳಿಸಿ, ಕಾರಣ ಹೇಳಿ, ಬದಲಿ ದಿನವನ್ನೂ ನೀವೇ ಸೂಚಿಸಿ. 'ಇವತ್ತು ಆಗಲ್ಲ' ಎಂಬ ಎರಡೇ ಪದಕ್ಕಿಂತ 'ಜೋಡುಪಾಲದ ಬಳಿ ಮಣ್ಣು ಬಿದ್ದಿದೆ, ಸಂಜೆ 6ಕ್ಕೆ ವಿಡಿಯೊ ಕರೆ ಮಾಡಿ, ಮುಂದಿನ ಭಾನುವಾರ ಭೇಟಿಯಾಗೋಣ' ಎಂಬ ಸಂದೇಶ ನಿಮ್ಮ ಸದುದ್ದೇಶಕ್ಕೆ ಸಾಕ್ಷಿ.

ಏನು ಮಾಡಬಾರದು?

ಭೇಟಿಗೆ ಕರೆದೊಯ್ದ ಮಗುವನ್ನು ವಾಪಸ್ ಕಳಿಸದೆ ಇಟ್ಟುಕೊಳ್ಳುವುದು, ಹೇಳದೆ ಶಾಲೆ ಬದಲಾಯಿಸುವುದು, ನಂಬರ್ ಬ್ಲಾಕ್ ಮಾಡುವುದು ತಾತ್ಕಾಲಿಕ ಗೆಲುವಿನಂತೆ ಕಾಣಬಹುದು. ಆದೇಶ ಉಲ್ಲಂಘನೆಗೆ ನ್ಯಾಯಾಂಗ ನಿಂದನೆಯ ಕ್ರಮ ಎದುರಾಗಬಹುದು, ಮುಂದೆ ನಿಮ್ಮ ಮಾರ್ಪಾಡಿನ ಅರ್ಜಿಗೂ ಅದು ಪೆಟ್ಟು. ಮಗುವಿನ ಫೋಟೊ ಹಾಕಿ 'ನ್ಯಾಯ ಕೊಡಿಸಿ' ಎಂದು ಗುಂಪುಗಳಿಗೆ ಕಳಿಸುವುದೂ ಬೇಡ. ಆ ಗುಂಪಿನಲ್ಲಿ ಮಗುವಿನ ಸಹಪಾಠಿಗಳ ಅಪ್ಪ ಅಮ್ಮಂದಿರೂ ಇರುತ್ತಾರೆ.

ಮಗುವಿಗೆ ಹೊಡೆತ ಅಥವಾ ಲೈಂಗಿಕ ದೌರ್ಜನ್ಯದಂಥ ಅಪಾಯವಿದ್ದರೆ ಮಾತು ಬೇರೆ. ಆಗ ಕಾಯಬೇಡಿ. ಮಕ್ಕಳ ಸಹಾಯವಾಣಿ 1098 ಅಥವಾ 112ಕ್ಕೆ ಕರೆ ಮಾಡಿ, ವೈದ್ಯರಿಗೆ ತೋರಿಸಿ ದಾಖಲೆ ಪಡೆಯಿರಿ, ಭೇಟಿಯನ್ನು ತಡೆಹಿಡಿಯಲು ಅಥವಾ ಯಾರಾದರೊಬ್ಬರ ಎದುರಿನಲ್ಲಷ್ಟೇ ನಡೆಸಲು ನ್ಯಾಯಾಲಯಕ್ಕೆ ತುರ್ತು ಅರ್ಜಿ ಹಾಕಿಸಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಕಸ್ಟಡಿ ಆದೇಶ ಮಗುವಿನ ಹಿತಕ್ಕಾಗಿ ಬದಲಾಗಬಲ್ಲದು, ಒಪ್ಪಿಗೆಯ ಆದೇಶವೂ ಬದಲಾಗಬಲ್ಲದು. ಬದಲಾಯಿಸುವ ಅಧಿಕಾರ ನ್ಯಾಯಾಲಯದ್ದು, ಅಲ್ಲಿಯವರೆಗೆ ಹಳೆಯ ಆದೇಶ ಪಾಲಿಸಿ. ಉಚಿತ ಕಾನೂನು ಸಲಹೆಗೆ 15100. ಪ್ರತಿಯೊಂದು ಕುಟುಂಬದ ಆದೇಶವೂ ಬೇರೆ ಬೇರೆಯಾಗಿರುವುದರಿಂದ, ಈ ಬರಹವನ್ನು ಓದಿದ ಮೇಲೆ ನಿಮ್ಮ ಆದೇಶದ ಪ್ರತಿ ಹಿಡಿದು ಒಬ್ಬ ವಕೀಲರ ಬಳಿ ಮಾತನಾಡಿ.